ಮೊಗಲಾಯಿಯಲ್ಲಿ ಹೊಲಿದ ಬತ್ತಳಿಕೆ

…ಇಲ್ಲ, ಗಡಿಯಲ್ಲಿ ಹಗ್ಗ ಕಟ್ಟಿರಲಿಲ್ಲ. ಹಗ್ಗ ಇತ್ತು ಎಂದು ಧಾರವಾಡದಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೆಂದರೆ, ಈಗ ಕಣ್ಣು ಮುಚ್ಚಿದರೆ ಅದರ ಗಂಟು ಸಹ ಕಾಣುತ್ತದೆ. ಆದರೆ ನಾನು ಹೋದದ್ದು ರೈಲಿನಲ್ಲಿ. ರೈಲಿಗೆ ಅಡ್ಡ ಹಗ್ಗ ಹಿಡಿಯುವ ಸರಕಾರವನ್ನು ನಾನಂತೂ ಕೇಳಿಲ್ಲ. ಯಾವ ಊರಿನ, ಯಾವ ವರ್ಷದ ಹಗ್ಗವೋ ಬಂದು ಈ ಪ್ರವಾಸಕ್ಕೆ ಸುತ್ತಿಕೊಂಡಿದೆ. ನೋಟುಬುಕ್ಕು ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ಮೂರೇ ಶಬ್ದ: ‘ಗದಗು. ಧೂಳು. ಸೆಖೆ.’ ಅದು ಚಳಿಗಾಲ; ಬೆಳಗಿನ ಗಾಡಿಯಲ್ಲಿ ಸೆಖೆ ಎಲ್ಲಿಂದ ಬರಬೇಕು? ಅಂದರೆ ನೋಟುಬುಕ್ಕೂ ಸುಳ್ಳು ಹೇಳುತ್ತದೆ. ಆದ್ದರಿಂದ ಕೆಳಗಿನದನ್ನು ಓದುವವರು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ನಾನೂ ಹಾಗೆಯೇ ಬರೆಯುತ್ತಿದ್ದೇನೆ.

ಇದು ಪರದೇಶ ಪ್ರವಾಸದ ಕಥೆ. ನಗಬೇಡಿ. ನಮ್ಮ ಓಣಿಯ ವಕೀಲರ ಮಗ ವಿಲಾಯತಿಗೆ ಹೋಗಿ ಬಂದು ಎರಡು ವರ್ಷ ಚಮಚ ಹಿಡಿಯುವ ರೀತಿಯ ಬಗ್ಗೆ ಉಪನ್ಯಾಸ ಮಾಡಿದ. ನನಗೆ ಹಡಗಿನ ಯೋಗ ಇರಲಿಲ್ಲ. ಆದರೆ ಗದಗಿನಲ್ಲಿ ಬೆಳಗಿನ ಗಾಡಿ ಹತ್ತಿದರೆ ಊಟದ ಹೊತ್ತಿಗೆ ನಿಜಾಮ ಸೀಮೆ. ನಮ್ಮವರು ಅದನ್ನು ಮೊಗಲಾಯಿ ಎನ್ನುತ್ತಾರೆ, ಸಮುದ್ರದ ಆಚೆಗಿನ ನಾಡು ಎಂಬ ದನಿಯಲ್ಲಿ. ಅಲ್ಲಿ ಕಚೇರಿಯ ಭಾಷೆ ಬೇರೆ, ಟಪಾಲಿನ ತಿಕೀಟು ಬೇರೆ, ನಾಣ್ಯ ಬೇರೆ. ಜನ ಮಾತ್ರ ನಮ್ಮ ಹಾಗೆಯೇ ಜೋಳದ ರೊಟ್ಟಿ ತಿಂದು ನಮ್ಮ ಹಾಗೆಯೇ ಬೈದಾಡುತ್ತಾರೆ. ಪ್ರವಾಸಿಗೆ ಇದಕ್ಕಿಂತ ದೊಡ್ಡ ನಿರಾಶೆ ಇಲ್ಲ.

ಹೋದದ್ದು ಒಂದು ಬತ್ತಳಿಕೆಗಾಗಿ. ಆಗ ನಾವು ನಾಲ್ಕೈದು ಜನ ಹೊಸ ನಾಟಕ ಮಾಡುತ್ತಿದ್ದೆವು. ಕಂಪನಿ ನಾಟಕಗಳ ಮೇಲೆ ನಮಗೆ ಸಿಟ್ಟು. ರಟ್ಟಿನ ಬತ್ತಳಿಕೆಗೆ ಬೇಗಡೆ ಹಚ್ಚಿ, ಅದನ್ನು ಬೆನ್ನಿಗೆ ಕಟ್ಟಿ, ಅರ್ಧ ತಾಸು ಹಾಡುವ ವೀರರನ್ನು ಕಂಡರೆ ನಮ್ಮ ಮೈ ಉರಿಯುತ್ತಿತ್ತು. ನನ್ನ ನಾಟಕದಲ್ಲಿ ಹಾಡಿಲ್ಲ. ಒಬ್ಬ ಬೇಟೆಗಾರ ಬರುತ್ತಾನೆ, ಬತ್ತಳಿಕೆ ಬಿಚ್ಚಿ ನೆಲಕ್ಕಿಡುತ್ತಾನೆ, ಇಪ್ಪತ್ತು ನಿಮಿಷ ಅದನ್ನು ನೋಡುತ್ತ ಕೂಡುತ್ತಾನೆ. ಅಷ್ಟೇ ಮೊದಲನೆಯ ಅಂಕ. ಇಪ್ಪತ್ತು ನಿಮಿಷ ಜನ ನೋಡಬೇಕಾದ ವಸ್ತು ಖರೇ ತೊಗಲಿನದಾಗಿರಬೇಕು, ಹಳೆಯ ಪದ್ಧತಿಯಲ್ಲಿ ಹದ ಮಾಡಿದ್ದಾಗಿರಬೇಕು, ನನ್ನ ಕೈಯಿಂದಲೇ ಹೊಲಿದದ್ದಾಗಿರಬೇಕು ಎಂದು ನಾನು ಗೆಳೆಯರ ಮುಂದೆ ಘೋಷಿಸಿದೆ. ಅವರು ಚಪ್ಪಾಳೆ ತಟ್ಟಿದರು. ನಾನು ಹೋದರೆ ತಾಲೀಮಿಗೆ ಕೆಲವು ದಿನ ಬಿಡುವು ಸಿಗುತ್ತದೆ ಎಂಬುದು ಅವರ ಲೆಕ್ಕವಾಗಿತ್ತು.

ಕೊಪ್ಪಳ

ಸ್ಟೇಷನ್ನಿನ ಹೊರಗೆ ಸುಂಕದ ನಾಕೆಯ ಮನುಷ್ಯ ನನ್ನ ಹಾಸಿಗೆ ಸುರುಳಿ ಬಿಚ್ಚಿಸಿದ. ಒಳಗಿಂದ ಬಿದಿರಿನ ಬಿಲ್ಲು, ಆರು ಬಾಣ ಹೊರಗೆ ಬಂದವು.

“ಇದೇನ್ರಿ?”

“ಬಿಲ್ಲು.”

“ಅದು ಕಾಣತೈತ್ರಿ. ಯಾರ ಮ್ಯಾಲ ಹೊಂಟೀರಿ ಅಂತ ಕೇಳೀನಿ.”

“ಯಾರ ಮ್ಯಾಲೂ ಇಲ್ಲ. ನಾಟಕಕ್ಕ.”

“ನಿಮ್ಮದು ಯಾವ ಪಾರ್ಟು?”

“ನಾನು ಬರೆಯೋನು.”

ಅವನು ನನ್ನನ್ನೂ ಬಿಲ್ಲನ್ನೂ ಎರಡೆರಡು ಸಲ ನೋಡಿದ. ಅವನ ದಫ್ತರದಲ್ಲಿ ಅರಿವೆಗೆ, ತಂಬಾಕಿಗೆ, ಉಪ್ಪಿಗೆ ಮನೆಗಳಿದ್ದವು, ಬಿಲ್ಲಿಗೆ ಇರಲಿಲ್ಲ. ಬಹಳ ಹೊತ್ತು ಯೋಚಿಸಿ ‘ಬಿದಿರಿನ ಬುಟ್ಟಿ ಇತ್ಯಾದಿ’ ಎಂಬಲ್ಲಿ ಬರೆದುಕೊಂಡ. ಆ ‘ಇತ್ಯಾದಿ’ ನಾನು. ನಾನು ಹೊರಟಾಗ ಹೆದೆಯನ್ನು ಬೆರಳಿನಿಂದ ಮೀಟಿ, “ಬಾಣ ಇಡೂದು ಎದರಾಗ?” ಎಂದ.

“ಅದನ್ನ ಮಾಡಾಕ ಬಂದೀನಿ. ತೊಗಲಿನ ಬತ್ತಳಿಕಿ.”

“ಯಾಕ್ರಿ, ನಿಮ್ಮೂರಾಗ ದನಾ ಸಾಯಂಗಿಲ್ಲೇನು?”

ಇಡೀ ಪ್ರವಾಸದಲ್ಲಿ ನನ್ನನ್ನು ಯಾರಾದರೂ ಕೇಳಿದ ಸರಿಯಾದ ಪ್ರಶ್ನೆ ಇದೊಂದೇ. ಧಾರವಾಡದಲ್ಲಿ ನಮ್ಮ ಮನೆಯ ಹಿಂದಿನ ಓಣಿ ದಾಟಿದರೆ ಹತ್ತು ಮನೆ ತೊಗಲಿನ ಕೆಲಸದವರಿದ್ದಾರೆ. ಆದರೆ ಅವರ ಓಣಿಗೆ ಹೋದರೆ ಮರುದಿನ ಕಾಲೇಜಿನಲ್ಲಿ ಸುದ್ದಿ. ಅಸಲು ವಸ್ತು ದೂರದಲ್ಲೇ ಇರುತ್ತದೆ ಎಂಬ ನನ್ನ ನಂಬಿಕೆಯ ತಳದಲ್ಲಿ ಇಷ್ಟು ಸಣ್ಣ ಭಯ ಕೂತಿತ್ತು. ಅದನ್ನು ನಾಕೆಯವನಿಗೆ ಹೇಳಲಿಲ್ಲ.

ಯಲಬುರ್ಗಾ

ಇಲ್ಲಿ ನನ್ನ ತಾಯಿಯ ದೂರದ ತಮ್ಮ ಮಲ್ಲಪ್ಪನವರು ಅರಳೆ ವ್ಯಾಪಾರ ಮಾಡುತ್ತಿದ್ದರು. ಅಂಗಡಿಯ ಗಾದಿಯ ಮೇಲೆ ಕೂಡಿಸಿ ಮಂಡಕ್ಕಿ ತಿನ್ನಿಸಿ, ಬಂದ ಕಾರಣ ಕೇಳಿದರು. ಹೇಳಿದೆ. ತೆರೆದ ಬಾಗಿಲನ್ನು ಎದ್ದು ಹೋಗಿ ಮುಚ್ಚಿ ಬಂದರು.

“ಅಳಿಯಾ, ನೀ ಬಿ.ಎ. ಆಗೀಯೋ ಇಲ್ಲೋ?”

“ಆಗೀನಿ, ಮಾಮಾ.”

“ಮತ್ತ ತೊಗಲ ಹೊಲ್ಯಾಕ ಬಿ.ಎ. ಯಾಕ ಬೇಕಾಗಿತ್ತು? ನನಗ ಮೊದಲ ಹೇಳಿದ್ರ ಅಷ್ಟು ವರ್ಷದ ಫೀ ಉಳೀತಿತ್ತಲ್ಲೋ.”

ನಾನು ಶ್ರಮದ ಘನತೆಯ ಬಗ್ಗೆ, ಕೈಗಳ ಜ್ಞಾನದ ಬಗ್ಗೆ ಮಾತಾಡಿದೆ. ಅವರು ಹಲ್ಲಿನ ಸಂದಿಯ ಮಂಡಕ್ಕಿ ತೆಗೆಯುತ್ತ ಕೇಳಿದರು. ಆಮೇಲೆ, “ಮಾಡು. ಆದರ ಇಲ್ಲಿ ಬ್ಯಾಡ. ನಮ್ಮ ಗಂಗಾಗ ವರಾ ನೋಡಾಕ ಹತ್ತೀವಿ. ಕುಷ್ಟಗಿ ಕಡೆ ಹೋಗು. ಆ ಕಡೆ ನಮಗ ಬೀಗಸ್ತನ ಇಲ್ಲ,” ಎಂದರು.

ದೇಶ ದೇಶಗಳ ನಡುವೆ ಗಡಿ ಎಳೆಯುವವರು ಹೊಳೆ, ಗುಡ್ಡ ನೋಡಿ ಎಳೆಯುತ್ತಾರಂತೆ. ನನ್ನ ಮಾಮನ ನಕಾಶೆಯಲ್ಲಿ ಮಗಳ ಸಂಬಂಧ ಮುಗಿಯುವಲ್ಲಿ ಗಡಿ. ಆ ಗಡಿಯ ಆಚೆ ಒಂದು ಹಳ್ಳಿಯಲ್ಲಿ ಅವರಿಗೆ ಪರಿಚಯದ ಒಬ್ಬ ಗೌಡರಿದ್ದರು. ಆ ಊರಿನ ತೊಗಲಿನ ಕೆಲಸದ ದುರಗಪ್ಪ ಮಾಡಿದ, ಬಾವಿಯಿಂದ ನೀರೆತ್ತುವ ಕಪಲಿ ಮೂರು ವರ್ಷ ಒಂದು ಹನಿ ಸೋರುವುದಿಲ್ಲ ಎಂಬ ಹೆಸರಿತ್ತು. ಚೀಟಿ ಬರೆದುಕೊಟ್ಟರು. ಅದರಲ್ಲಿ ನಾನು ‘ಪುರಾಣದ ವಸ್ತುಗಳ ಸಂಶೋಧಕ’ ಆಗಿದ್ದೆ.

ಕುಷ್ಟಗಿಯ ಈಚೆ, ಒಂದು ಹಳ್ಳಿ

ಹಳ್ಳಿಯ ಹೆಸರು ಬರೆಯುವುದಿಲ್ಲ. ಮರೆತಿಲ್ಲ.

ಗೌಡರ ಮನೆಯಲ್ಲಿ ಊಟ, ವಾಸ. ಕೆಲಸ ಊರ ಹೊರಗಿನ ಕೇರಿಯಲ್ಲಿ. ಮೊದಲು ಕಂಡದ್ದು ಒಂದು ಬೇವಿನ ಮರ, ಅದರ ಕೊಂಬೆಗೆ ನೇತುಬಿದ್ದ ತಲೆಯಿಲ್ಲದ, ಕಾಲಿಲ್ಲದ ಉಬ್ಬಿದ ಎಮ್ಮೆ. ಹತ್ತಿರ ಹೋದಾಗ ತಿಳಿಯಿತು: ಇಡೀ ತೊಗಲನ್ನು ಚೀಲದ ಹಾಗೆ ಹೊಲಿದು, ತಂಗಡಿ ತೊಗಟೆಯ ಕಷಾಯ ತುಂಬಿ, ತೂಗಹಾಕಿದ್ದರು. ಕೆಂಪು ನೀರು ಹನಿಹನಿಯಾಗಿ ಕೆಳಗಿನ ಬಾನಿಗೆ ಬೀಳುತ್ತಿತ್ತು. ಒಬ್ಬ ಹೆಂಗಸು ಅದನ್ನೇ ಮೊಗೆದು ಮತ್ತೆ ಮೇಲೆ ಸುರಿಯುತ್ತಿದ್ದಳು. ಅವಳು ದುರಗಪ್ಪನ ಹೆಂಡತಿ ಹುಲಿಗೆವ್ವ. ವಾಸನೆಯ ಬಗ್ಗೆ ನಾನು ನೋಟುಬುಕ್ಕಿನಲ್ಲಿ ‘ಆದಿಮ’ ಎಂದು ಬರೆದಿದ್ದೇನೆ. ಆಮೇಲೆ ಬೇವಿನ ಮರದ ಹಿಂದೆ ಹೋಗಿ ವಾಂತಿ ಮಾಡಿಕೊಂಡದ್ದನ್ನು ಬರೆದಿಲ್ಲ.

ದುರಗಪ್ಪನಿಗೆ ಐವತ್ತರ ಆಜುಬಾಜು. ಮೊಣಕೈವರೆಗೆ ಕೈಗಳು ಕಾಚಿನ ಬಣ್ಣ. ನಾನು ಪುಸ್ತಕದಲ್ಲಿ ಓದಿದ್ದನ್ನು ಒಪ್ಪಿಸಿದೆ: ಹಿಂದಿನ ಬಿಲ್ಲುಗಾರರು ಉಡದ ತೊಗಲು ಬಳಸುತ್ತಿದ್ದರಂತೆ, ಅದೇ ಬೇಕು.

“ಉಡದ್ದು ಮಾಡಬೌದ್ರಿ ಧಣಿ,” ಎಂದ ಅವನು. “ಅದರಾಗ ಒಂದು ಬಾಣ ಹಿಡೀತೈತಿ. ಉಳದ ಐದು ನೀವ ಕೈಯಾಗ ಹಿಡಕೋಬೇಕು.”

ಹುಲಿಗೆವ್ವ ಸೆರಗಿನೊಳಗೆ ನಕ್ಕಳು. ಹೀಗೆ ಎಮ್ಮೆಯ ತೊಗಲಿಗೆ ಇಳಿದೆವು.

ಆಗಲೇ ಅವನು ಒಂದು ಮಾತು ಬಿಡಿಸಿ ಹೇಳಿದ. ಕೇಳಿಲ್ಲ ಎಂದು ನಾನು ಹೇಳುವಂತಿಲ್ಲ. ಗೋಣಿಯ ಕೆಳಗೆ ನೆನೆಹಾಕಿದ್ದ ಹದವಾದ ತೊಗಲು ಒಂದೇ ಒಂದು. ಅದು ಗೌಡರ ಎಲೆತೋಟದ ಕಪಲಿಗೆ ಮೀಸಲು. ಬಾವಿಯಿಂದ ಎತ್ತುಗಳು ಎಳೆದು ತರುವ ಆ ದೊಡ್ಡ ತೊಗಲಿನ ಬಾನಿ ಅಮಾವಾಸ್ಯೆಯ ಒಳಗೆ ಆಗಬೇಕು. ಹಳೆಯದು ಜಾಲರಿಯಾಗಿದೆ, ಎಲೆಬಳ್ಳಿಗೆ ದಿನ ಬಿಟ್ಟು ದಿನ ನೀರು ಬೇಕು. ಮರಕ್ಕೆ ತೂಗಹಾಕಿದ ತೊಗಲು ಹದವಾಗಲು ಇನ್ನೂ ಒಂದು ತಿಂಗಳು.

“ಹೊಟ್ಟಿ ಕಡೆ ಅಂಚು ಉಳೀತೈತ್ರಿ. ಅದು ನಿಮಗ. ಬೆನ್ನಿನ ಪಟ್ಟಿ ಮಾತ್ರ ಮುಟ್ಟಂಗಿಲ್ಲ. ತುಂಬಿದ ಕಪಲಿ ಭಾರೆಲ್ಲಾ ಬೆನ್ನಿನ ಮ್ಯಾಲ ನಿಂದರತೈತಿ.”

ಅಷ್ಟರಲ್ಲಿ ಗೌಡರು ಬಂದರು. ಕೇರಿಯ ಒಳಗೆ ಕಾಲಿಡದೆ ಬೇವಿನ ನೆರಳಿನ ಅಂಚಿನಲ್ಲೇ ನಿಂತರು.

“ದುರಗ್ಯಾ, ಅಮಾಸಿ ಅಂದ್ರ ಅಮಾಸಿ. ಇಲ್ಲಂದ್ರ ತಾವರಗೇರಿಯಿಂದ ಆಳು ಕರಸ್ತೀನಿ, ಸುಗ್ಗಿ ಆಯಾನೂ ಅವಗ ಹೋಕ್ಕೈತಿ. ಆಮ್ಯಾಲ ಅಳಬ್ಯಾಡ.” ನನ್ನ ಕಡೆ ತಿರುಗಿ ಮೆತ್ತಗೆ, “ಬರ್ರಿ ಸಂಶೋಧಕರs, ಮಜ್ಜಿಗಿ ಇಟ್ಟಾರ,” ಎಂದರು.

ಆಯ ಎಂದರೆ ಸುಗ್ಗಿಯಲ್ಲಿ ಕಣದಿಂದ ಸಿಗುವ ಜೋಳ. ಕೂಲಿಯಲ್ಲ, ಹಕ್ಕು. ದುರಗಪ್ಪನ ಅಜ್ಜನ ಕಾಲದಿಂದ ಗೌಡರ ಮನೆಯ ಕಪಲಿ ಅವರದು, ಕಣದ ಪಾಲೂ ಅವರದು. ಒಮ್ಮೆ ಬೇರೆಯವನ ಕೈಗೆ ಹೋದರೆ ತಿರುಗಿ ಬರುವುದಿಲ್ಲ. ಇದನ್ನು ನನಗೆ ಹೇಳಿದವಳು ಹುಲಿಗೆವ್ವ. ದುರಗಪ್ಪ ಆಗ ಹಗ್ಗ ಹುಡುಕುವ ನೆಪದಲ್ಲಿ ಒಳಗೆ ಹೋಗಿದ್ದ.

ಆಗ ನನಗೆ ಒಂದು ಔದಾರ್ಯ ಮಾಡಬೇಕೆನಿಸಿತು. “ಯವ್ವಾ, ಕುಡ್ಯಾಕ ನೀರು ಕೊಡ್ರಿ,” ಎಂದೆ.

“ಗೌಡ್ರ ಮನಿ ಅಲ್ಲೇ ಕಾಣತೈತ್ರಿ.”

“ನನಗ ಇಲ್ಲಿ ನೀರ ಆಗತೈತಿ. ನಾನು ಜಾತಿ ಗೀತಿ ನೋಡಂಗಿಲ್ಲ.”

“ನೀವು ನೋಡಂಗಿಲ್ಲ ಅಂತ ಕುಡದು ನಿಮ್ಮೂರಿಗೆ ಹೋಕ್ಕೀರಿ. ಕೊಟ್ಟಾಕಿ ಯಾರು ಅಂತ ನನ್ನ ಕೇಳ್ತಾರ. ನಾ ಇಲ್ಲೇ ಇರಾಕಿ, ಯಪ್ಪಾ.”

ಧಾರವಾಡದಲ್ಲಿ ನಾನು ಆ ಕೇರಿಯ ನೀರು ಕುಡಿದ ಪ್ರಸಂಗವನ್ನು ಹಲವರು ಕೇಳಿದ್ದಾರೆ. ಕುಡಿದದ್ದು ಗೌಡರ ಮನೆಯ ಮಜ್ಜಿಗೆ. ಅದಕ್ಕೆ ಜೀರಿಗೆ ಹಾಕಿದ್ದರು.

ಎರಡನೆಯ ದಿನ

ಕಲಿಕೆ ಆರಂಭವಾಯಿತು. ರಂಪಿ ಎಂಬುದು ಅರ್ಧಚಂದ್ರದಂಥ ಬಾಯಿಯ ಚೂರಿ. ಅದನ್ನು ತನ್ನ ಕಡೆ ಎಳೆಯಬಾರದು, ಮುಂದಕ್ಕೆ ನೂಕಬೇಕು. ನಾನು ಎಳೆದೆ. ಹೆಬ್ಬೆರಳಿಗೆ ಅರಿಷಿಣ ಕಟ್ಟಿದರು. ಆರಿಯಿಂದ ತೂತು ತೆಗೆಯಬೇಕು, ತೂತಿನಲ್ಲಿ ತೊಗಲಿನ ಬಾರು ಸೇರಿಸಬೇಕು, ಹಲ್ಲಿನಿಂದ ಕಚ್ಚಿ ಬಿಗಿಯಬೇಕು. ಹಲ್ಲಿನಿಂದ ಎಂದಾಗ ನಾನು ಸ್ವಲ್ಪ ಹಿಂಜರಿದೆ. ದುರಗಪ್ಪ ಒಂದು ಇಕ್ಕಳ ಕೊಟ್ಟ.

“ಬ್ಯಾರೇ ಊರ ಪಂಡಿತರಿಗೆ ಅಂತ ಇಟ್ಟೀನ್ರಿ,” ಎಂದ. ಇಕ್ಕಳಕ್ಕೆ ತುಕ್ಕು ಹಿಡಿದಿತ್ತು.

ಹೊಟ್ಟೆಯ ಅಂಚಿನ ತುಂಡನ್ನು ಸುತ್ತಿ, ಕೊಳವೆ ಮಾಡಿ, ಹೊಲಿಯತೊಡಗಿದೆವು. ಅರ್ಧಕ್ಕೆ ಬಂದಾಗ ಅವನು ಕೇಳಿದ: “ತಳದ ಬಾಯಿ ಎಷ್ಟು ಬಿಡಬೇಕ್ರಿ?”

ಪರಂಪರೆಯ ಮುಂದೆ ತಲೆಬಾಗಬೇಕಾದ ಗಳಿಗೆ ಇದೇ ಎಂದು ನಾನು ತಿಳಿದೆ. ಗಂಭೀರವಾಗಿ, “ನಿಮ್ಮ ಹಿರಿಯರು ಹೆಂಗ ಬಿಡತಿದ್ರೋ ಹಂಗ,” ಎಂದೆ.

ಅವನ ಹಿರಿಯರು ತಲೆತಲಾಂತರದಿಂದ ಮಾಡಿದ್ದು ಕಪಲಿ. ಕಪಲಿಯ ತಳದಲ್ಲಿ ಆನೆಯ ಸೊಂಡಿಲಿನಂಥ ಒಂದು ಕೊಳವೆ. ಬಾವಿಯ ಮೇಲೆ ಬಂದೊಡನೆ ನೀರು ಅದರಿಂದ ಕಾಲುವೆಗೆ ಸುರಿಯಬೇಕು, ಆದ್ದರಿಂದ ಎರಡೂ ಕಡೆ ಬಾಯಿ. ಅವನು ನನ್ನ ಮಾತನ್ನು ಚಾಚೂ ತಪ್ಪದೆ ನಡೆಸಿದ. ಸಂಜೆ ನಾನು ಬತ್ತಳಿಕೆಯನ್ನು ಬೆನ್ನಿಗೆ ಕಟ್ಟಿ, ಎದೆ ಉಬ್ಬಿಸಿ, ಆರು ಬಾಣಗಳನ್ನು ಒಂದೊಂದಾಗಿ ಒಳಗೆ ಬಿಟ್ಟೆ. ಆರೂ ಒಂದೊಂದಾಗಿ ನನ್ನ ಹಿಮ್ಮಡಿಯ ಮೇಲೆ ಬಿದ್ದವು.

ಹುಲಿಗೆವ್ವ ಒರಳಿನ ಹತ್ತಿರ ಕೂತು ತೊಗಟೆ ಕುಟ್ಟುತ್ತಿದ್ದಳು. ಒನಕೆ ನಿಲ್ಲಿಸಿದಳು. “ಛಲೋ ಹರೀತಾವ್ರಿ,” ಎಂದಳು.

ದುರಗಪ್ಪ ನಗಲಿಲ್ಲ. “ತಳ ಮುಚ್ಚಬೇಕಂದ್ರ ನಾ ಕೇಳಿದಾಗs ಹೇಳಬೇಕಿತ್ರಿ. ನಾಳಿ ಮುಚ್ಚಿ ಕೊಡ್ತೀನಿ.”

ಆದರೆ ತಳವಷ್ಟೇ ಅಲ್ಲ ದೋಷ. ಹೊಟ್ಟೆಯ ತೊಗಲು ಮೆತ್ತಗೆ. ನೆಲಕ್ಕಿಟ್ಟರೆ ಬತ್ತಳಿಕೆ ನಿಲ್ಲುವುದಿಲ್ಲ, ತಿಂದು ಮಲಗಿದ ನಾಯಿಯ ಹಾಗೆ ಒರಗಿಬಿಡುತ್ತದೆ. ನನ್ನ ಬೇಟೆಗಾರ ಇಪ್ಪತ್ತು ನಿಮಿಷ ಇದನ್ನು ನೋಡಬೇಕೆ?

ಮೂರನೆಯ ದಿನ

ಬೆಳಿಗ್ಗೆ ದುರಗಪ್ಪ ಗೌಡರ ಬಾವಿಗೆ ಹೋಗಿದ್ದ, ಕಪಲಿಯ ಬಾಯಿಗೆ ಹಾಕುವ ಕಬ್ಬಿಣದ ಬಳೆಯ ಅಳತೆಗೆ. ಹುಲಿಗೆವ್ವ ತೊಗಟೆ ತರಲು ಹೊಲದ ಕಡೆ ಹೋಗಿದ್ದಳು. ನಾನೊಬ್ಬನೇ ಇದ್ದೆ.

ಮುಂದಿನದನ್ನು ನಾನು ಮೂರು ಬಗೆಯಾಗಿ ಹೇಳಿದ್ದೇನೆ. ಒಂದರಲ್ಲಿ ತೊಗಲು ಮೊದಲೇ ಹರಿದಿತ್ತು. ಇನ್ನೊಂದರಲ್ಲಿ ಬೆನ್ನು ಯಾವುದು, ಹೊಟ್ಟೆ ಯಾವುದು ಎಂದು ನನಗೆ ತಿಳಿಯಲಿಲ್ಲ. ಮೂರನೆಯದರಲ್ಲಿ ದುರಗಪ್ಪನೇ ‘ಬೇಕಾದ್ರ ತಗೋರಿ’ ಎಂದಿದ್ದ. ಮೂರೂ ಚೆನ್ನಾಗಿವೆ. ನಡೆದದ್ದು ಇಷ್ಟು: ಗೋಣಿ ಸರಿಸಿದೆ. ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಹೊಟ್ಟೆಯ ಕಡೆ ಬೆರಳು ಇಳಿಯಿತು, ನಡುವೆ ಇಳಿಯಲಿಲ್ಲ. ಇದೇ ಬೆನ್ನು ಎಂದು ತಿಳಿದುಕೊಂಡೆ. ಅಷ್ಟು ದೊಡ್ಡ ತೊಗಲಿನಲ್ಲಿ ಒಂದು ಮೊಳ ಉದ್ದ, ಒಂದು ಗೇಣು ಅಗಲ ಏನು ಮಹಾ ಎಂದುಕೊಂಡೆ. ರಂಪಿಯನ್ನು ಹಿಡಿದು ಈ ಸಲ ಸರಿಯಾಗಿ ಮುಂದಕ್ಕೆ ನೂಕಿದೆ. ನನ್ನ ಜೀವನದಲ್ಲಿ ನಾನು ಕೈಯಿಂದ ಮಾಡಿದ ಒಂದೇ ಒಂದು ನಿರ್ದೋಷವಾದ ಕೆಲಸ ಆ ಕೊಯ್ತ. ಅಂಚು ನೂಲು ಹಿಡಿದ ಹಾಗೆ ಬಂದಿತ್ತು.

ದುರಗಪ್ಪ ಬಂದ. ನೋಡಿದ. ಕೈಯಲ್ಲಿದ್ದ ಅಳತೆಯ ಕಡ್ಡಿಯನ್ನು ಗೋಡೆಯ ಕಿಂಡಿಯಲ್ಲಿ ಇಟ್ಟ, ಮತ್ತೆ ತೆಗೆದ, ಮತ್ತೆ ಇಟ್ಟ. ತೊಗಲಿನ ಹತ್ತಿರ ಕೂತು, ತೂತಿನ ಸುತ್ತ ಬೆರಳು ಆಡಿಸಿದ.

“ಬರೋಬರಿ ಕೊಯ್ದೀರಿ,” ಎಂದ.

ನಾನು ಏನೇನೋ ಹೇಳಿದೆ. ಅವನು ನಾನು ಕೊಯ್ದ ತುಂಡನ್ನು ತೊಡೆಯ ಮೇಲೆ ಹರಡಿ, ಸುತ್ತಿ, ಹೊಲಿಯತೊಡಗಿದ. ತಳ ಮುಚ್ಚಿದ. ಬಾಯಿಗೆ ಮಡಿಕೆ ಹಾಕಿದ. ಔಡಲೆಣ್ಣೆ ಸವರಿ ಹೊಳಪು ಬರುವಂತೆ ತಿಕ್ಕಿದ. ಎರಡು ತಾಸಿನಲ್ಲಿ ಬತ್ತಳಿಕೆ ಸಿದ್ಧವಾಯಿತು. ನೆಲಕ್ಕಿಟ್ಟರೆ ಸಿಪಾಯಿಯ ಹಾಗೆ ನಿಂತಿತು. ಅದರಲ್ಲಿ ನಡುನಡುವೆ ನಾನು ಹಾಕಿದ ಹೊಲಿಗೆ ಹನ್ನೊಂದು. ಹನ್ನೊಂದೂ ಈಗ ಸಡಿಲವಾಗಿವೆ.

“ತುಂಡು ತಿರುಗಿ ಕೊಟ್ಟರೆ ಹಚ್ಚಾಕ ಬರೂದಿಲ್ಲೇನು?” ಎಂದು ಕೇಳಿದೆ.

“ಇದನ್ನ ಹಚ್ಚಿದರೂ ತ್ಯಾಪಿ, ಬ್ಯಾರೇದು ಹಚ್ಚಿದರೂ ತ್ಯಾಪಿ. ನೀವು ಒಯ್ಯರಿ. ಕೆಲಸ ಆದ್ರೂ ಒಂದು ಆಗಲಿ.”

ಹುಲಿಗೆವ್ವ ತೊಗಟೆಯ ಹೊರೆ ಇಳಿಸಿದಾಗ ಅವನು ಒಳಗೆ ಹೋದ. ಅವಳು ತೊಗಲು ನೋಡಿದಳು, ಬತ್ತಳಿಕೆ ನೋಡಿದಳು. ಗಂಡನಿಗೆ ಕೇಳಿಸದಂತೆ ನನ್ನ ಹತ್ತಿರ ಬಂದಳು.

“ನಿಮಗ ಏನನ್ನಾಕ ಬರತೈತ್ರಿ, ಗೌಡ್ರ ಮನಿಗೆ ಬಂದಾವ್ರು ನೀವು. ಒಂದs ಮಾತು. ಕೊಯ್ದಾವ ನಾನು ಅಂತ ಗೌಡ್ರ ಮುಂದ ಹೇಳಿ ಹೋಗ್ರಿ. ನೀವು ಅಂದ್ರ ಅವರು ನಕ್ಕು ಬಿಡ್ತಾರ. ಇವರು ಅಂದ್ರ ನಂಬಂಗಿಲ್ಲ. ಕಪಲಿ ಹರದರ ಹರೀಲಿ, ಕೈ ಕೆಟ್ಟದ್ದು ಇವರದು ಅಂತ ಆಗಬಾರದು.”

“ಹೇಳ್ತೀನಿ, ಯವ್ವಾ. ಊಟಕ್ಕ ಕುಂತಾಗ ಹೇಳ್ತೀನಿ.”

“ಮರೀಬ್ಯಾಡ್ರಿ.”

ಅವಳು ನಗಲಿಲ್ಲ. ನನ್ನ ಮುಖ ನೋಡಿ ನಾನು ಮರೆಯುವ ಜಾತಿಯವನು ಎಂದು ತಿಳಿದಿರಬೇಕು.

ಊಟಕ್ಕೆ ಕೂತೆವು. ಗೌಡರು ಬತ್ತಳಿಕೆಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, “ಭೇಷ್! ನೀವ ಮಾಡಿದಿರಿ?” ಎಂದರು. ಅವರ ಅಣ್ಣತಮ್ಮಂದಿರೂ ಇದ್ದರು, ಎಲ್ಲರೂ ಕೈಗೆ ತೆಗೆದುಕೊಂಡು ನೋಡಿದರು. ‘ನಾನs ಮಾಡಿದೆ’ ಎಂದದ್ದು ನನಗೆ ಚೆನ್ನಾಗಿ ನೆನಪಿದೆ. ಮುಂದಿನ ವಾಕ್ಯ ನೆನಪಿಲ್ಲ. ಹೇಳಿದೆ ಎಂದು ಬಹಳ ವರ್ಷ ನಂಬಿದ್ದೆ. ಗೌಡರು ನಕ್ಕದ್ದು ಸಹ ಕಿವಿಯಲ್ಲಿದೆ. ಆದರೆ ನೋಟುಬುಕ್ಕಿನ ಆ ದಿನದ ಪುಟ ತುಂಬ ಇರುವುದು ಅಡಿಗೆಯ ವರ್ಣನೆ. ಬದನೆಕಾಯಿ ಎಣಗಾಯಿ, ಅಗಸಿ ಚಟ್ನಿ, ಮಾದಲಿ. ಬಿಡಿಸಿ ಬಿಡಿಸಿ ಬರೆದಿದ್ದೇನೆ. ಇಷ್ಟು ವಿವರವಾಗಿ ಊಟದ ಬಗ್ಗೆ ಬರೆಯುವ ಮನುಷ್ಯ ಬೇರೆ ಏನನ್ನೋ ಬರೆಯದೆ ಬಿಡುತ್ತಿರುತ್ತಾನೆ.

ಮಧ್ಯಾಹ್ನದ ಚಕ್ಕಡಿ ಹತ್ತಿ ಹೊರಟೆ. ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನ ಇತ್ತು.

ಹುಲಿಹೈದರ

ಇಲ್ಲಿಗೆ ಬಂದದ್ದು ಒಬ್ಬ ಖರೇ ಬಿಲ್ಲುಗಾರನಿಗೆ ಬತ್ತಳಿಕೆ ತೋರಿಸಿ ಶಹಭಾಸ್ ಎನ್ನಿಸಿಕೊಳ್ಳಲು. ಹನುಮನಾಯಕ ಎಂಬ ಮುದುಕನ ಹೆಸರು ಹೇಳಿದ್ದರು. ಹರೆಯದಲ್ಲಿ ಬಿಲ್ಲಿನಿಂದಲೇ ಹಂದಿ ಹೊಡೆದವನು. ಅವನು ಊರ ಅಗಸಿಬಾಗಿಲ ಕಟ್ಟೆಯ ಮೇಲೆ ಕೂತು ಬಿಸಿಲಿಗೆ ಮೈ ಕಾಯಿಸುತ್ತಿದ್ದ. ನನ್ನ ಕನ್ನಡಕ ನೋಡಿ “ಬರ್ರಿ ಮಾಸ್ತರ” ಎಂದ. ಬತ್ತಳಿಕೆಯನ್ನು ಅವನ ಮುಂದಿಟ್ಟೆ.

“ಏನಿದು?”

“ಬತ್ತಳಿಕೆ. ನಿಮ್ಮ ಹಿರಿಯರು ಬಳಸತಿದ್ದಂಥಾದ್ದು.”

“ನಮ್ಮ ಹಿರ್ಯಾರು ಇದನ್ನ ಕಟ್ಟಿಕೊಂಡು ಕಂಟಿಯಾಗ ನುಗ್ಗತಿದ್ರ?” ಅವನಿಗೆ ಕೆಮ್ಮು ಬರುವಷ್ಟು ನಗು ಬಂತು. “ಮುಳ್ಳಿಗೆ ಸಿಕ್ಕೊಂಡು ಅಲ್ಲೇ ಜೋತು ಬೀಳತಿದ್ರು. ಎರಡು ಬಾಣ ಎಡಗೈಯಾಗ, ಒಂದು ಹೆದೀಗೆ. ಮೂರರಾಗ ಬೀಳದ ಹಂದಿ ಹತ್ತರಾಗೂ ಬೀಳಂಗಿಲ್ಲ, ತಿರುಗಿ ನಿನ್ನ ಮ್ಯಾಲ ಬರತೈತಿ.”

“ಹಂಗಾರ ಬತ್ತಳಿಕೆ?”

“ನೋಡೀನ್ರಿ. ಗಂಗಾವತಿಗೆ ಕಂಪನಿ ಬಂದಾಗ. ನಾಟಕದಾಗ. ಬೇಗಡಿ ಹಚ್ಚಿದ್ದು ಇತ್ತು, ಭಾಳ ಛಂದ ಇತ್ತು.”

ನಾನು ಯಾವ ಬತ್ತಳಿಕೆಯಿಂದ ತಪ್ಪಿಸಿಕೊಳ್ಳಲು ಇಷ್ಟು ದೂರ ಬಂದಿದ್ದೆನೋ ಅದೇ ಅವನಿಗೆ ಅಸಲು. ಇಷ್ಟಕ್ಕೇ ಮುಗಿದಿದ್ದರೆ ನಾನು ನಕ್ಕು ಎದ್ದು ಬರುತ್ತಿದ್ದೆ. ಅವನು ಬತ್ತಳಿಕೆಯನ್ನು ಕೈಗೆ ತೆಗೆದುಕೊಂಡ. ಉಗುರಿನಿಂದ ಗೀರಿದ, ಮೂಸಿದ, ಮೊಣಕಾಲಿಗೆ ಹಚ್ಚಿ ಬಗ್ಗಿಸಲು ನೋಡಿದ. ಅದು ಬಗ್ಗಲಿಲ್ಲ. ನಗು ನಿಂತಿತು.

“ಇದು ಕಪಲಿ ತೊಗಲು. ನಡುಬೆನ್ನಿಂದು. ಯಾವ ಪುಣ್ಯಾತ್ಮ ಕೊಟ್ಟ?”

“ಕೊಡಲಿಲ್ಲ. ನಾನು ಕೊಯ್ದೆ.”

ಈ ಮಾತು ಅವನ ಮುಂದೆ ಸರಾಗವಾಗಿ ಬಾಯಿಂದ ಬಂತು. ಅವನಿಗೆ ಎಲೆತೋಟ ಇರಲಿಲ್ಲ, ನನಗೆ ಅವನ ಮನೆಯಲ್ಲಿ ಊಟ ಇರಲಿಲ್ಲ.

“ಅಲ್ಲಿ ತ್ಯಾಪಿ ಹಾಕಿದರ ಮ್ಯಾಲಿಂದ ಕಾಣಂಗಿಲ್ಲ,” ಎಂದ ಮುದುಕ. “ಅರ್ಧ ತುಂಬಿದರ ಹಿಡೀತೈತಿ. ಪೂರಾ ತುಂಬಿ ಬಾವಿ ಬಾಯಿತನಕ ಬಂದಾಗ ಹರದರ ಭಾರ ಒಮ್ಮಿಂದೊಮ್ಮೆಲೆ ಹೋಕ್ಕೈತಿ. ಎತ್ತು ಮುಗ್ಗರಿಸಿ ಬೀಳತಾವು. ಹಿಂದ ಮಿಣಿ ಹಗ್ಗದ ಮ್ಯಾಲ ಕುಂತು ಎತ್ತು ಹೊಡಿಯಾವ ಎಲ್ಲಿ ಬೀಳತಾನೋ. ಮೊದಲ ಗೊತ್ತಿದ್ದರ ಹಗರಕ ತುಂಬಸತಾರ, ಏನೂ ಆಗಂಗಿಲ್ಲ. ಬಾವಿ ಮಾಲಕಗ ಹೇಳೀರಿಲ್ಲೋ?”

“ಹೇಳೀನಿ,” ಎಂದೆ.

ಮುದುಕ ತಲೆ ಆಡಿಸಿದ. ಇದು ನಾನು ಆ ವಿಷಯದಲ್ಲಿ ಹೇಳಿದ ಮೊದಲನೆಯ ಸುಳ್ಳೋ, ನಾಲ್ಕನೆಯದೋ.

ಗಂಗಾವತಿ

ಗಂಗಾವತಿಯಲ್ಲಿ ಭತ್ತದ ಗಾಡಿಗಳು, ತೆಲುಗು ಮಾತು, ಗಿರಣಿಯ ಹೊಗೆ. ವರ್ಣನೆ ಮಾಡಬಹುದು, ಮಾಡಿದರೆ ಊಟದ ಪುಟದ ಹಾಗೆ ಆಗುತ್ತದೆ.

ಮೋಟಾರು ನಿಲ್ಲುವಲ್ಲಿ ಎರಡು ಗಾಡಿ ಇದ್ದವು. ಒಂದು ಹೊಳೆಯ ಕಡೆ, ಅಲ್ಲಿಂದ ರೈಲು, ಮನೆ. ಇನ್ನೊಂದು ಕುಷ್ಟಗಿಗೆ ಹೋಗುವ ಸಾಮಾನಿನ ಲಾರಿ. ಅದರ ಡ್ರೈವರು ಗಾಲಿಗೆ ಒದ್ದು ಗಾಳಿ ಪರೀಕ್ಷಿಸುತ್ತಿದ್ದ. ಆ ಹಳ್ಳಿಯ ಮುಂದೆಯೇ ಹೋಗುತ್ತೀಯಾ ಎಂದು ಕೇಳಿದೆ.

“ಹೋಕ್ಕೀನ್ರಿ. ಕುಂದರತೀರೇನು? ಚೀಲದ ಮ್ಯಾಲ ಜಾಗಾ ಐತಿ.”

“ಇಲ್ಲ. ಗೌಡರಿಗೆ ಒಂದು ಚೀಟಿ ಮುಟ್ಟಿಸಬೇಕಾಗಿತ್ತು.”

“ಕೊಡ್ರಿ. ಲಗೂ ಬರೀರಿ.”

ಲಾರಿಯ ಮೂತಿಯ ಮೇಲೆ ಕಾಗದ ಇಟ್ಟು ಬರೆಯತೊಡಗಿದೆ. ಬೇಕಾದದ್ದು ಎರಡು ವಾಕ್ಯ: ಬೆನ್ನಿನ ತೊಗಲು ಕೊಯ್ದವನು ನಾನು, ಕಪಲಿ ಪೂರಾ ತುಂಬಿಸಬೇಡಿ. ನಾನು ಹೊಸ ಬರಹಗಾರ. ಹಳೆಯ ಕವಿಗಳ ಸುತ್ತುಬಳಸನ್ನು ಹೀಯಾಳಿಸಿ ಲೇಖನ ಬರೆದವನು. ಡ್ರೈವರು ಎರಡು ಸಲ ಹಾರ್ನ್ ಒತ್ತಿದ. ಕೊನೆಗೆ ಬರೆದದ್ದರ ನಕಲು ನೋಟುಬುಕ್ಕಿನಲ್ಲಿದೆ, ಹಾಗೇ ಕೊಡುತ್ತೇನೆ:

‘ತಮ್ಮ ಆತಿಥ್ಯಕ್ಕೆ ಋಣಿ. ಪ್ರಾಚೀನ ಕಲೆಯ ಅಭ್ಯಾಸದ ಸಂದರ್ಭದಲ್ಲಿ ತೊಗಲಿಗೆ ಅನಿವಾರ್ಯವಾಗಿ ಒಂದು ವ್ಯತ್ಯಯ ಸಂಭವಿಸಿರುವುದಾಗಿ ತಿಳಿದುಬಂದಿದೆ. ಕಪಲಿಯ ವಿಷಯದಲ್ಲಿ ಯಥೋಚಿತ ಎಚ್ಚರ ವಹಿಸುವುದು.’

ಇಷ್ಟು ಉದ್ದದ ಚೀಟಿಯಲ್ಲಿ ನಾನು ಎಲ್ಲಿಯೂ ಇಲ್ಲ. ಯಾರೋ ಕೊಯ್ದಿದ್ದಾರೆ, ಅದು ಎಲ್ಲಿಂದಲೋ ತಿಳಿದುಬಂದಿದೆ. ಓದಿದ ಯಾರಿಗಾದರೂ ಮೊದಲು ಅನುಮಾನ ಬರುವುದು ದುರಗಪ್ಪನ ಮೇಲೆ. ಇದು ಆಗಲೇ ಹೊಳೆಯಿತೆ, ಈಗ ಹೊಳೆಯುತ್ತಿದೆಯೇ? ಆಗಲೇ ಹೊಳೆದಿತ್ತು ಎಂದು ಬರೆಯಲು ಕೈ ಹಿಂಜರಿಯುತ್ತಿದೆ, ಆದ್ದರಿಂದ ಅದೇ ನಿಜ ಇರಬೇಕು.

ಡ್ರೈವರು ಚೀಟಿಯನ್ನು ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡ. ಲಾರಿ ಹೋಯಿತು. ನಾನು ಇನ್ನೊಂದನ್ನು ಹತ್ತಿದೆ.

ಧಾರವಾಡ

ನಾಟಕ ಆಯಿತು. ಬೇಟೆಗಾರ ಇಪ್ಪತ್ತು ನಿಮಿಷ ಕೂತ. ಹತ್ತನೆಯ ನಿಮಿಷಕ್ಕೆ ಹಿಂದಿನ ಸಾಲುಗಳು ಖಾಲಿಯಾದವು. ಉಳಿದ ಒಬ್ಬ ಹಿರಿಯರು ಆಮೇಲೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, “ಎಲ್ಲಾ ಛಲೋ ಇತ್ತು. ಆ ಬತ್ತಳಿಕಿ ಒಂದು ಖರೇದರಂಗ ಕಾಣಲಿಲ್ಲ ನೋಡ್ರಿ,” ಎಂದರು.

ಮಲ್ಲಪ್ಪ ಮಾಮನಿಗೆ ಎರಡು ಸಲ ಕಾಗದ ಬರೆದು ಆ ಗೌಡರ ಯೋಗಕ್ಷೇಮ ಕೇಳಿದೆ. ಕಪಲಿಯ ಬಗ್ಗೆ ಕೇಳಲಿಲ್ಲ. ಕೇಳಿದರೆ ಯಾಕೆ ಎಂದು ಕೇಳುತ್ತಾರೆ. ಗಂಗಾಳ ಮದುವೆ ನಿಶ್ಚಯವಾಯಿತು ಎಂದು ಉತ್ತರ ಬಂತು. ಗೌಡರು ಆರಾಮ ಇದ್ದಾರೆ ಎಂದೂ ಇತ್ತು. ಆಮೇಲೆ ಯುದ್ಧ ಬಂತು, ಆ ಕಡೆ ಹೋಗುವುದು ಕಷ್ಟವಾಯಿತು ಎಂದು ನಾನು ಹೇಳುತ್ತಿರುತ್ತೇನೆ. ಗದಗಿನ ಬೆಳಗಿನ ಗಾಡಿ ಒಂದು ದಿನವೂ ನಿಂತಿರಲಿಲ್ಲ.

ಬೆನ್ನಿನ ತೊಗಲು ಕೊಯ್ದವನು ನಾನು. ದುರಗಪ್ಪ ಅಲ್ಲ. ಇದನ್ನು ಇಲ್ಲಿ ಅಚ್ಚು ಹಾಕಿಸುತ್ತಿದ್ದೇನೆ, ಆದರೆ ಈ ಪತ್ರಿಕೆ ಆ ಹಳ್ಳಿಗೆ ಹೋಗುವುದಿಲ್ಲ, ಹೋದರೂ ಆ ಕೇರಿಯಲ್ಲಿ ಓದುವವರಿಲ್ಲ. ಚೀಟಿ ಗೌಡರಿಗೆ ಮುಟ್ಟಿತೋ ಇಲ್ಲವೋ ನನಗೆ ಗೊತ್ತಿಲ್ಲ. ಮುಟ್ಟಿದ್ದರೆ ಯಾರ ಹೆಸರು ಕೆಟ್ಟಿತು, ಗೊತ್ತಿಲ್ಲ. ಆ ಕಪಲಿ ಹಿಡಿಯಿತೋ ಹರಿಯಿತೋ, ಹರಿದಾಗ ಮಿಣಿಯ ಮೇಲೆ ಯಾರು ಕೂತಿದ್ದರು, ಆ ಸುಗ್ಗಿಯಲ್ಲಿ ಗೌಡರ ಕಣಕ್ಕೆ ದುರಗಪ್ಪ ಹೋದನೋ ತಾವರಗೇರಿಯವನು ಬಂದನೋ, ನನಗೆ ಗೊತ್ತಿಲ್ಲ.